ಅಪ್ಪನ ಫಾರಿನ್ ವಾಚು

ಅಪ್ಪ ಬೆಳಿಗ್ಗೆ ಸ್ನಾನ ಮುಗಿಸಿ, ದೇವರಿಗೆ ಕೈಮುಗಿದು, ಆಮೇಲೆ ವಾಚಿಗೆ ಕೀ ಕೊಡುತ್ತಾರೆ. ದೇವರಿಗಿಂತ ವಾಚಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಎರಡು ಬೆರಳಲ್ಲಿ ಆ ಪುಟ್ಟ ಗುಂಡಿಯನ್ನು ನಿಧಾನವಾಗಿ ತಿರುಗಿಸಿ, ಇನ್ನು ಸಾಕು ಎಂದು ಅದೇ ಬಿಗಿಯುವವರೆಗೆ ಕಾದು, ಕಿವಿಗೆ ಹಿಡಿದು ಕೇಳಿ, ಸಮಾಧಾನವಾದ ಮೇಲೆ ಕೈಗೆ ಕಟ್ಟಿಕೊಳ್ಳುವುದು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಅಂಗೈ ಎತ್ತಿ ಸುಮ್ಮನಿರಿಸುತ್ತಾರೆ. ನಾನು ಹುಟ್ಟುವ ಮೊದಲಿನಿಂದಲೂ ಇದು ಹೀಗೇ ನಡೆದಿದೆಯಂತೆ.

ವಾಚಿನ ಮುಖದ ಮೇಲೆ ಎಲ್ಲರಿಗೂ ಗೊತ್ತಿರುವ ಒಂದು ಸ್ವಿಸ್ ಹೆಸರಿದೆ. ಅಪ್ಪ ಬೆಂಗಳೂರಿನಿಂದ ತಿರುವನಂತಪುರದ ಕೇಂದ್ರ ಸರ್ಕಾರದ ಸಂಸ್ಥೆಯೊಂದಕ್ಕೆ ವರ್ಗವಾಗಿ ಬಂದ ಹೊಸದರಲ್ಲಿ, ಆಫೀಸಿನ ಕೆಲಸಕ್ಕೆಂದು ಕೊಚ್ಚಿಗೆ ಹೋಗಿದ್ದಾಗ, ಬಂದರಿನ ಹತ್ತಿರ ಹಡಗಿನಿಂದ ಇಳಿದವನೊಬ್ಬ ಅದನ್ನು ತನ್ನ ಕೈಯಿಂದಲೇ ಬಿಚ್ಚಿ ಮಾರಿದ್ದು. ನಾನು ಚಿಕ್ಕವಳಿದ್ದಾಗ ಆ ನಾವಿಕ ಗ್ರೀಸಿನವನಾಗಿದ್ದ. ಹೈಸ್ಕೂಲಿಗೆ ಬರುವ ಹೊತ್ತಿಗೆ ನಾರ್ವೆಯವನಾದ. ವಾಚು ಮಾತ್ರ ಬದಲಾಗಲಿಲ್ಲ. ಮನೆಗೆ ಬಂದ ಅತಿಥಿಗಳಿಗೆ ಕಾಫಿಯ ಜೊತೆಗೆ ಈ ಕಥೆಯೂ ಸಿಗುತ್ತಿತ್ತು, ಬೇಡ ಅನ್ನುವ ಅವಕಾಶ ಎರಡಕ್ಕೂ ಇರಲಿಲ್ಲ.

ಕಥೆಯ ಕೊನೆಯಲ್ಲಿ ಅಪ್ಪ ಅಡುಗೆಮನೆಯ ಕಡೆಗೆ ಮುಖ ಮಾಡಿ ಒಂದು ಮಾತು ಸೇರಿಸುತ್ತಿದ್ದರು. "ಇವಳ ಕಾರ್ಖಾನೆಯ ವಾಚಾಗಿದ್ರೆ ಇಷ್ಟು ಹೊತ್ತಿಗೆ ಹಳೇ ಪಾತ್ರೆಯವನ ಪಾಲಾಗ್ತಿತ್ತು." ಬಂದವರು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದರು. ಅಮ್ಮ ಒಳಗೆ ಪಾತ್ರೆ ತೊಳೆಯುತ್ತಿದ್ದಳು.

ಇವಳ ಕಾರ್ಖಾನೆ ಎಂದರೆ ಬೆಂಗಳೂರಿನ ಸರ್ಕಾರಿ ವಾಚ್ ಕಾರ್ಖಾನೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಅಮ್ಮ ಅಲ್ಲಿನ ಜೋಡಣೆ ವಿಭಾಗಕ್ಕೆ ಸೇರಿದ್ದಳು. ಕೈ ನಡುಗದ ಹುಡುಗಿಯರನ್ನು ಹುಡುಕಿ ತೆಗೆದುಕೊಳ್ಳುತ್ತಿದ್ದ ಕಾಲ ಅದು. ಮದುವೆಯಾದ ಮೇಲೂ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪನಿಗೆ ವರ್ಗವಾದಾಗ ಬಿಟ್ಟಳು. ಅವಳು ಯಾಕೆ ಬಿಟ್ಟಳು ಎಂದು ಯಾರಾದರೂ ಕೇಳಿದರೆ ಅಪ್ಪ, "ಅವಳಿಗೇ ಸಾಕಾಗಿತ್ತು, ಕಣ್ಣು ನೋವು ಬರ್ತಿತ್ತು" ಎನ್ನುತ್ತಿದ್ದರು. ಅಮ್ಮ ಏನು ಹೇಳುತ್ತಾಳೆಂದು ಯಾರೂ ಕಾಯಲಿಲ್ಲ, ಅವಳೂ ಹೇಳಲಿಲ್ಲ.

ಈಗ ಅವರಿಬ್ಬರೂ ತಿರುವನಂತಪುರದ ಪಟ್ಟಂನಲ್ಲಿ, ನಿವೃತ್ತಿಯ ನಂತರ ಕೊಂಡ ಫ್ಲ್ಯಾಟಿನಲ್ಲಿ ಇದ್ದಾರೆ. ನಾನು ಕೊಚ್ಚಿಯಲ್ಲಿ, ಕಳಮಶ್ಶೇರಿಯ ಒಂದು ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ವಿಭಾಗ ನೋಡಿಕೊಳ್ಳುತ್ತೇನೆ. ಯಾವ ಮಾಪಕ ಸರಿ ತೋರಿಸುತ್ತದೆ, ಯಾವುದು ಸುಳ್ಳು ಹೇಳುತ್ತದೆ ಎಂದು ಹೇಳುವುದು ನನ್ನ ಕೆಲಸ. ಇಷ್ಟು ವರ್ಷ ಇದನ್ನೇ ಮಾಡಿದ್ದರಿಂದ ನನಗೆ 'ಸುಮಾರು' ಎಂಬ ಪದ ಕಂಡರಾಗದು. ನನ್ನ ಜೊತೆ ಕೆಲಸ ಮಾಡುವವರು ಬೆನ್ನ ಹಿಂದೆ ನನಗೆ ಏನು ಹೆಸರಿಟ್ಟಿದ್ದಾರೆಂದು ನನಗೆ ಗೊತ್ತು. ಚೆನ್ನಾಗಿಯೇ ಇದೆ.

ವಾಚಿನ ಇಸವಿ ಹುಡುಕುವ ಕೆಲಸ ನನ್ನ ತಲೆಗೆ ಬಂದದ್ದು ಮಗಳಿಂದ. ಕಾಲೇಜಿನಲ್ಲಿ ಓದುವ ಅವಳಿಗೂ ಅವಳ ಗೆಳತಿಯರಿಗೂ ಈಗ ಹಳೆಯ ವಾಚಿನ ಹುಚ್ಚು. ಓಣಂ ರಜೆಗೆ ಪಟ್ಟಂಗೆ ಹೋಗಿದ್ದಾಗ ಅವಳು ಮಲಯಾಳದಲ್ಲಿ ಕೇಳಿದಳು, ತಾತ ಕನ್ನಡದಲ್ಲಿ ಉತ್ತರಿಸಿದರು. ಅವರ ನಡುವೆ ಮಾತು ನಡೆಯುವುದೇ ಹಾಗೆ. ವಾಚು ನನಗೆ ಕೊಡುತ್ತೀರಾ ಎಂಬುದು ಅವಳ ಪ್ರಶ್ನೆ.

"ಕೊಡ್ತೀನಿ. ಆದ್ರೆ ಅದು ಯಾವ ಇಸವಿಯದ್ದು ಅಂತ ಮೊದಲು ಗೊತ್ತಾಗ್ಬೇಕು. ನಾಳೆ ಯಾರಾದ್ರೂ ಕೇಳಿದ್ರೆ ಪೆಚ್ಚುಪೆಚ್ಚಾಗಿ ನಿಲ್ಲಬಾರದು," ಎಂದು ಅಪ್ಪ ವಾಚನ್ನು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ನನ್ನ ಕೈಯಲ್ಲಿಟ್ಟರು. "ನಿನ್ನ ಹತ್ರ ಅಷ್ಟೊಂದು ಯಂತ್ರ ಇದೆಯಲ್ಲ, ನೋಡು." ಅವರ ಮಣಿಕಟ್ಟಿನಲ್ಲಿ ಪಟ್ಟಿಯಷ್ಟೇ ಅಗಲದ ಬಿಳಿ ಗುರುತು ಉಳಿದಿತ್ತು.

ನನ್ನ ಯಂತ್ರಗಳಿಗೆ ವಾಚಿನ ವಯಸ್ಸು ತಿಳಿಯುವುದಿಲ್ಲ. ವಿಚಾರಿಸಿದಾಗ ಪರಿಚಯದವರೊಬ್ಬರು ಒಬ್ಬ ಸಂಗ್ರಾಹಕರ ಬಗ್ಗೆ ಹೇಳಿದರು. ಹಡಗುಗಳಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು, ಕೊಚ್ಚಿಯ ಹಿನ್ನೀರಿನ ದಂಡೆಯಲ್ಲಿ ಎತ್ತರದ ಫ್ಲ್ಯಾಟು, ಮನೆ ತುಂಬ ಹಳೆಯ ವಾಚುಗಳು. ಒಂದು ಭಾನುವಾರ ಮೆಟ್ರೊ ಹತ್ತಿ ಹೋದೆ.

ಮನುಷ್ಯ ಮಹಾ ಜಂಬದವರು. ನಾನು ಕೂರುವ ಮೊದಲೇ ತಮ್ಮ ಬಳಿ ಇರುವ ವಾಚುಗಳ ಪೈಕಿ ಬೇರೆ ಯಾರ ಬಳಿಯೂ ಇಲ್ಲದವು ಯಾವುವು ಎಂದು ಹೇಳಲು ಶುರುಮಾಡಿದರು. ಹಾಲು ಹಾಕದ ಕಟ್ಟನ್ ಚಾಯ ಬಂತು, ಆರಿತು. ನಾನು ಕರವಸ್ತ್ರ ಬಿಚ್ಚಿ ಮೇಜಿನ ಮೇಲಿಟ್ಟ ಮೇಲೆ ಅವರ ಮಾತು ನಿಂತಿತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚಿನ ಮುಖವನ್ನು ನೋಡಿದರು, ಅಂಚನ್ನು ನೋಡಿದರು, ಗುಂಡಿಯನ್ನು ಉಗುರಲ್ಲಿ ಮುಟ್ಟಿದರು. ಆಮೇಲೆ ಕನ್ನಡಿಯನ್ನು ನನಗೆ ಕೊಟ್ಟು, ನೀವೇ ನೋಡಿ ಎಂದರು.

ಬರಿಗಣ್ಣಿಗೆ ನೀಟಾಗಿ ಕಾಣುತ್ತಿದ್ದ ಸ್ವಿಸ್ ಹೆಸರು ಕನ್ನಡಿಯಲ್ಲಿ ಬೇರೆಯೇ ಕಂಡಿತು. ಅಕ್ಷರಗಳ ಅಂಚು ಕದಡಿತ್ತು. ಒಂದಕ್ಷರ ತುಸು ಕೆಳಗೆ ಜಾರಿ ಕೂತಿತ್ತು. ಮುಖದ ಕೆಳತುದಿಯ ಸಣ್ಣ ಬರಹ ನಿಮಿಷದ ಗೆರೆಗಳ ಮೇಲೆ ಹತ್ತಿತ್ತು. ಪಟ್ಟಿ ಸಿಕ್ಕಿಸುವ ಕಡೆ ಮೇಲಿನ ಲೇಪ ಸವೆದು ಹಿತ್ತಾಳೆ ಇಣುಕುತ್ತಿತ್ತು. ಇಂಥ ಅಕ್ಷರ ಯಾವುದಾದರೂ ಮಾಪಕದ ಮೇಲೆ ಇದ್ದಿದ್ದರೆ ನಾನು ಅದನ್ನು ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದೆ. ಅಪ್ಪನ ಕೈಯಲ್ಲಿ ಇಷ್ಟು ವರ್ಷ ನೋಡಿಯೂ ಅನುಮಾನ ಬಂದಿರಲಿಲ್ಲ.

ಅವರು ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದರು. ಒಳಗೆ ಚಕ್ರಗಳು ಸುಖವಾಗಿ ತಿರುಗುತ್ತಿದ್ದವು. ಒಂದು ತಟ್ಟೆಯ ಮೇಲೆ ಹೆಸರಿದ್ದ ಜಾಗವನ್ನು ಯಾರೋ ಅರದಿಂದ ಉಜ್ಜಿ ಅಳಿಸಿದ್ದರು. ಆದರೆ ಅತ್ತಿತ್ತ ಓಲಾಡುವ ಬ್ಯಾಲೆನ್ಸ್ ಚಕ್ರದ ಅಡಿಯಲ್ಲಿ ಯಂತ್ರದ ಮಾದರಿಯ ಸಂಖ್ಯೆ ಹಾಗೇ ಇತ್ತು. ಅದನ್ನು ಅಳಿಸಬೇಕಾದರೆ ಚಕ್ರವನ್ನೇ ಬಿಚ್ಚಬೇಕು. ಮೋಸ ಮಾಡಿದವನಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಸಂಗ್ರಾಹಕರು ಜೋರಾಗಿ ನಕ್ಕರು. "ಇದ್ ನಮ್ಮುಡೆ ಬ್ಯಾಂಗ್ಲೂರ್‌ಕಾರನ್ ಅಲ್ಲೇ!" ಇವನು ನಮ್ಮ ಬೆಂಗಳೂರಿನವನಲ್ಲವೇ ಎಂದು ತೊಡೆ ತಟ್ಟಿಕೊಂಡರು. ಅದು ಬೆಂಗಳೂರಿನ ಸರ್ಕಾರಿ ವಾಚ್ ಕಾರ್ಖಾನೆಯ ಸಂಖ್ಯೆಯಂತೆ. ಆ ಕಾಲದಲ್ಲಿ ಹೀಗೆ ನಡೆಯುತ್ತಿತ್ತಂತೆ. ಫಾರಿನ್ ಮಾಲಿಗೆ ಜನ ಬಾಯಿ ಬಿಡುತ್ತಿದ್ದರು. ಗಟ್ಟಿಮುಟ್ಟಾದ ದೇಶೀ ಯಂತ್ರ ತಂದು, ಬೇರೆ ಕವಚಕ್ಕೆ ಹಾಕಿ, ಮೇಲೆ ಸ್ವಿಸ್ ಮುಖ ಅಂಟಿಸಿದರೆ ಕೊಳ್ಳುವವರಿಗೇನೂ ಕೊರತೆಯಿರಲಿಲ್ಲ. ಬಂದರಿನ ಬಳಿ ಮಾರಿದರೆ ಇನ್ನೂ ಅನುಕೂಲ, ಹಡಗಿನಿಂದ ಬಂತು ಅನ್ನಬಹುದು.

ನನಗೆ ಮೊದಲು ಬಂದದ್ದು ಸಿಟ್ಟು. ನಕ್ಕ ಅವರ ಮೇಲೆ, ಮೋಸ ಹೋದ ಅಪ್ಪನ ಮೇಲೆ, ಗ್ರೀಸೋ ನಾರ್ವೆಯೋ ಯಾವುದೂ ಅಲ್ಲದ ಆ ನಾವಿಕನ ಮೇಲೆ. ಅದರ ಹಿಂದೆಯೇ ಹಳೇ ಪಾತ್ರೆಯವನ ಬಗ್ಗೆ ಅಪ್ಪ ಆಡುತ್ತಿದ್ದ ಮಾತು ನೆನಪಾಗಿ, ಸಿಟ್ಟಿನ ನಡುವೆಯೇ ನನಗೂ ನಗು ಉಕ್ಕಿತು. ಬಾಲ್ಕನಿಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ. ಎದುರಿಗೆ ನೀರಿನಾಚೆ ವಲ್ಲಾರ್ಪಾಡಂ ಬಂದರಿನ ಕ್ರೇನುಗಳು ಕಂಟೇನರುಗಳನ್ನು ಎತ್ತಿ ಇಳಿಸುತ್ತಿದ್ದವು.

"ಅಮ್ಮ, ಅಪ್ಪನ ವಾಚಿನ ಒಳಗಿರೋದು ನಿಮ್ಮ ಕಾರ್ಖಾನೇದು," ಎಂದೆ.

ಅವಳು ನಗುತ್ತಾಳೆ, ಇಲ್ಲವೇ ಅಪ್ಪನನ್ನು ಕೂಗುತ್ತಾಳೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಕುಕ್ಕರಿನ ಸೀಟಿ ಕೇಳಿಸಿತು, ಅವಳು ಸ್ಟವ್ ಆರಿಸಿದ್ದು ಕೇಳಿಸಿತು.

"ಯಾವಾಗಿನದು?" ಎಂದಳು.

"ಅಂದ್ರೆ?"

"ನಾನಿದ್ದಾಗಿನದಾ, ನಾನು ಬಿಟ್ಟ ಮೇಲಿನದಾ? ಬ್ಯಾಲೆನ್ಸು ಕೂರಿಸ್ತಿದ್ದವರು ನಾವು ಕೆಲವೇ ಜನ. ನಾನಿದ್ದಾಗಿನದೇ ಆದ್ರೆ ನನ್ನ ಕೈಯಿಂದ ಹೋಗಿರಬಹುದು. ಸರಿಯಾಗಿ ಕೇಳಿಕೊಂಡು ಬಾ. ಅಪ್ಪಂಗೆ ಈಗ್ಲೇ ಹೇಳ್ಬೇಡ."

ಅಮ್ಮ ತನಗೆ ಇಂಥದ್ದು ಬೇಕು ಎಂದು ನನ್ನನ್ನು ಕೇಳಿದ್ದು ಕಡಿಮೆ. ಸೀರೆ ತಂದರೆ ಯಾಕೆ ತಂದೆ ಅನ್ನುತ್ತಾಳೆ, ಊರು ಸುತ್ತಿಸುತ್ತೇನೆಂದರೆ ಮಂಡಿ ನೋವು ಅನ್ನುತ್ತಾಳೆ. ಈಗ ಕೇಳಿದ ದನಿಯಲ್ಲಿ ಆಸೆ ಇತ್ತು. ಅದು ನನಗೆ ಎಷ್ಟು ಹೊಸದಾಗಿತ್ತೆಂದರೆ ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಬಾಲ್ಕನಿಯಲ್ಲೇ ನಿಂತಿದ್ದೆ.

ಒಳಗೆ ಬಂದು, ನನಗೆ ಇದರ ಇಸವಿ ಬೇಕೇ ಬೇಕು ಎಂದು ಪಟ್ಟು ಹಿಡಿದೆ. ನಕಲಿ ವಾಚಿಗೆ ಯಾತರ ಇಸವಿ ಎಂದರು ಅವರು. ಯಂತ್ರ ನಕಲಿಯಲ್ಲವಲ್ಲ ಎಂದೆ. ಅದು ಅವರಿಗೆ ಹಿಡಿಸಿತು.

ಆದರೆ ಕೆಲಸ ಸುಲಭವಿರಲಿಲ್ಲ. ಕಾರ್ಖಾನೆಯವರು ಗುರುತಿನ ಸಂಖ್ಯೆ ಹಾಕುತ್ತಿದ್ದದ್ದು ಹಿಂದಿನ ಮುಚ್ಚಳದ ಮೇಲೆ. ಅಪ್ಪನ ವಾಚಿನ ಮುಚ್ಚಳ ಎಲ್ಲಿಯದೋ. ಹಾಗಾಗಿ ಅವರು ಒಂದು ಡ್ರಾಯರ್ ತೆಗೆದು, ಅದೇ ಕಾರ್ಖಾನೆಯ ಹಳೆಯ ವಾಚುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಅವೆಲ್ಲ ಯಾರೋ ಯಾರಿಗೋ ಕೊಟ್ಟ ಉಡುಗೊರೆಗಳು. ಅಳಿಯನಿಗೆ ಮಾವ ಕೊಟ್ಟದ್ದು, ನಿವೃತ್ತರಾದ ಮೇಷ್ಟರಿಗೆ ಶಾಲೆಯವರು ಕೊಟ್ಟದ್ದು, ಓಟದಲ್ಲಿ ಗೆದ್ದವನಿಗೆ ಕೊಟ್ಟದ್ದು. ಹಿಂಬದಿಯಲ್ಲಿ ಹೆಸರು, ದಿನಾಂಕ ಕೆತ್ತಿಸಿ ಕೊಡುವುದು ಆಗಿನ ಪದ್ಧತಿ. ಆ ದಿನಾಂಕಕ್ಕಿಂತ ವಾಚು ಹೊಸದಾಗಿರಲು ಸಾಧ್ಯವಿಲ್ಲ, ತೀರಾ ಹಳೆಯದಾಗಿರುವುದೂ ಅಪರೂಪ. ಒಂದೊಂದನ್ನೇ ತೆರೆದು ಅಪ್ಪನದರ ಪಕ್ಕ ಇಟ್ಟು, ತಟ್ಟೆಗಳ ಹೊಳಪು, ಸ್ಕ್ರೂಗಳ ತಲೆ, ಅಂಚಿನ ಕೊರೆತ ಹೋಲಿಸುತ್ತ ಹೋದರು. ಇದಕ್ಕಿಂತ ಹೊಸದು, ಇದಕ್ಕಿಂತ ಹಳೆಯದು ಎಂದು ಸಾಲನ್ನು ಎರಡು ಭಾಗ ಮಾಡಿದರು. ನನಗೆ ಅವರ ಜಂಬ ಮರೆತೇಹೋಯಿತು.

ಕೊನೆಗೆ ಅವರು ಎಪ್ಪತ್ತರ ದಶಕದ ಆರಂಭದ ಕೆಲವು ವರ್ಷಗಳನ್ನು ಹೇಳಿ, ಈ ನಡುವೆ ಯಾವಾಗಲಾದರೂ ಆಗಿರಬಹುದು, ಇದಕ್ಕಿಂತ ಹತ್ತಿರಕ್ಕೆ ಹೋಗಲು ನನ್ನಿಂದಾಗದು ಎಂದರು. ಅಮ್ಮ ಕೆಲಸ ಬಿಟ್ಟ ವರ್ಷ ಸರಿಯಾಗಿ ಅದರ ಮಧ್ಯಕ್ಕೆ ಬರುತ್ತಿತ್ತು. ಅರ್ಧ ಅವಳಿದ್ದಾಗಿನದು, ಅರ್ಧ ಬಿಟ್ಟ ಮೇಲಿನದು. ಕೆಲಸದಲ್ಲಾದರೆ ಇಂಥ ಉತ್ತರ ತಂದವರನ್ನು ನಾನು ಮತ್ತೊಮ್ಮೆ ಅಳೆದು ಬಾ ಎಂದು ಅಟ್ಟುತ್ತೇನೆ. ಅವತ್ತು ಆ 'ಸುಮಾರು' ಸಿಕ್ಕಿದ್ದೇ ಸಾಕೆನಿಸಿತು. ಅಮ್ಮನದೇ ಇರಬಹುದು ಎಂದು ಹೇಳಲು ಅಡ್ಡಿಯಿರಲಿಲ್ಲ. ತೆರೆದ ಯಂತ್ರದ ಫೋಟೊಗಳನ್ನು ಹತ್ತಿರದಿಂದ, ಬೇರೆಬೇರೆ ಕಡೆಯಿಂದ ಮೊಬೈಲಿನಲ್ಲಿ ತೆಗೆದುಕೊಂಡು ಹೊರಟೆ. ಮಗಳಿಗೆ ಹೇಳಿದಾಗ ಅವಳು, "ಅದಾಣ್ ಕೂಡುದಲ್ ನಲ್ಲದ್" ಎಂದಳು. ಅದೇ ಇನ್ನೂ ಚೆನ್ನ ಅಂತೆ. ಅವಳಿಗೆ ಏನೂ ಕಷ್ಟವಿಲ್ಲ.

ಮುಂದಿನ ಶನಿವಾರ ಬೆಳಗಿನ ರೈಲು ಹಿಡಿದು ತಿರುವನಂತಪುರಕ್ಕೆ ಹೋದೆ. ಸ್ಟೇಷನ್ನಿನಿಂದ ಪಟ್ಟಂವರೆಗೆ ಆಟೊದಲ್ಲಿ, ಅಪ್ಪನಿಗೆ ಹೇಗೆ ಹೇಳುವುದೆಂದು ನಾಲ್ಕಾರು ಥರ ಯೋಚಿಸಿದೆ. ಮನೆಯೊಳಗೆ ಕಾಲಿಟ್ಟ ಕೂಡಲೇ ಅವರು, "ಏನಂತೆ, ಯಾವ ಇಸವಿಯಂತೆ?" ಎಂದು ಕುರ್ಚಿಯಿಂದ ಅರ್ಧ ಎದ್ದರು. ಯೋಚಿಸಿದ್ದೆಲ್ಲ ಮರೆತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

"ಆ ಮನುಷ್ಯಂಗೆ ವಾಚು ಗೊತ್ತಾ, ಹಡಗು ಗೊತ್ತಾ?" ಎಂದರು ಅಪ್ಪ.

"ಎರಡೂ ಗೊತ್ತು ಅಪ್ಪ. ಅದೇ ತೊಂದ್ರೆ."

"ಹಾಗಾದ್ರೆ ಒಳಗಿಂದನ್ನ ರಿಪೇರಿಯವನು ಬದಲಾಯಿಸಿರ್ಬೇಕು."

ವಾಚನ್ನು ಶುಚಿ ಮಾಡಿಸಲು ಚಾಲಾ ಬಜಾರಿನ ರಿಪೇರಿ ಅಂಗಡಿಗೆ ಹೋದಾಗಲೆಲ್ಲ, ಮುಗಿಯುವವರೆಗೆ ಅವನ ಎದುರಿನ ಸ್ಟೂಲಿನಿಂದ ಏಳುವುದಿಲ್ಲ ಎಂದು ಹೇಳಿಕೊಂಡವರು ಅವರೇ. ಅದು ಅವರಿಗೂ ನೆನಪಾಗಿರಬೇಕು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು.

"ಹಾಗಾದ್ರೆ ಅವನಿಗೂ ಗೊತ್ತಿತ್ತು," ಎಂದರು. "ಪ್ರತಿ ಸಲ ನೋಡಿ, ಒಳ್ಳೇ ವಾಚು ಸಾರ್ ಅಂತಿದ್ದ."

"ಒಳ್ಳೇ ವಾಚೇ ಅಲ್ವಾ," ಎಂದೆ. ಇಷ್ಟು ವರ್ಷ ಅವರು ಕೊಚ್ಚಿಕೊಂಡದ್ದಕ್ಕೆ ಇದು ಆಗಬೇಕಾದ್ದೇ ಎಂದು ರೈಲಿನಲ್ಲಿ ಅನ್ನಿಸಿತ್ತು. ಎದುರಿಗೆ ನಿಂತಾಗ ಹಾಗನ್ನಿಸಲಿಲ್ಲ.

ಅಮ್ಮ ಅಡುಗೆಮನೆಯಿಂದ ಬಂದಳು. ಕೈಯನ್ನು ಸೋಪು ಹಾಕಿ ತೊಳೆದು, ಬೆರಳ ಸಂದಿಗಳನ್ನೂ ಬಿಡದೆ ಒರೆಸಿಕೊಂಡಿದ್ದಳು. ಮುಡಿದಿದ್ದ ಮಲ್ಲಿಗೆಯನ್ನು ತೆಗೆದು ಫ್ರಿಜ್ಜಿನ ಮೇಲಿಟ್ಟಳು. ನಾನು ನೋಡುತ್ತಿದ್ದದ್ದನ್ನು ಕಂಡು, "ಜೋಡಣೆ ವಿಭಾಗದೊಳಗೆ ಹೂವು ಮುಡಿದು ಹೋಗೋ ಹಾಗಿರ್ಲಿಲ್ಲ. ಪೌಡರೂ ಹಾಕೋ ಹಾಗಿರ್ಲಿಲ್ಲ, ಧೂಳು ಬೀಳತ್ತೆ ಅಂತ. ಹೊರಗೆ ಕಟ್ಟೆ ಮೇಲೆ ಸಾಲಾಗಿ ಇಟ್ಟು ಹೋಗ್ತಿದ್ವಿ, ಸಾಯಂಕಾಲ ಯಾರ ಹೂವು ಯಾರದ್ದು ಅಂತ ಜಗಳ," ಎಂದಳು. ಇದನ್ನು ನಾನು ಮೊದಲ ಸಲ ಕೇಳುತ್ತಿದ್ದೆ. ಅಪ್ಪನ ಮುಖ ನೋಡಿದರೆ ಅವರೂ ಮೊದಲ ಸಲವೇ ಕೇಳುತ್ತಿದ್ದಂತಿತ್ತು.

ಅವಳು ನನ್ನ ಪಕ್ಕ ಕೂತು ಮೊಬೈಲ್ ತೆಗೆದುಕೊಂಡಳು. ಸಂಗ್ರಾಹಕರು ಹೇಳಿದ ವರ್ಷಗಳನ್ನು ಹೇಳಿ, "ನೀನಿದ್ದಾಗಿನದೇ ಇರಬಹುದು ಅಮ್ಮ, ಖಂಡಿತ ಇರಬಹುದು," ಎಂದೆ. ಅವಳು ಕಿವಿಗೆ ಹಾಕಿಕೊಂಡ ಹಾಗೆ ಕಾಣಲಿಲ್ಲ. ಎರಡು ಬೆರಳಿನಿಂದ ಫೋಟೊ ದೊಡ್ಡದು ಮಾಡಿದಳು. ಬ್ಯಾಲೆನ್ಸ್ ಚಕ್ರದ ನಡುವೆ ಒಂದು ಕೆಂಪು ಕಲ್ಲು, ಅದನ್ನು ಹಿಡಿದಿಟ್ಟ ಕೂದಲೆಳೆಯ ಸ್ಪ್ರಿಂಗು. ಅಷ್ಟನ್ನೇ ಪರದೆಯ ತುಂಬ ಮಾಡಿಕೊಂಡು ನೋಡಿದಳು. ಇನ್ನೊಂದು ಫೋಟೊದಲ್ಲೂ ಅದನ್ನೇ ನೋಡಿದಳು.

"ಇದು ನನ್ನ ಕಾಲದ್ದಲ್ಲ," ಎಂದಳು.

"ಹೇಗೆ ಹೇಳ್ತೀಯ?"

"ನಮ್ಮ ಸ್ಪ್ರಿಂಗು ಬಿಡಿಯಾಗಿರ್ತಿತ್ತು. ಚಿಮಟದಲ್ಲಿ ಹಿಡಿದು ಒಳಗೆ ಕೂರಿಸ್ಬೇಕಿತ್ತು, ಚೂರು ಜಾರಿದ್ರೆ ಎಲ್ಲಿ ಹಾರಿಹೋಯ್ತು ಅಂತ್ಲೇ ಗೊತ್ತಾಗ್ತಿರ್ಲಿಲ್ಲ. ಇದು ನೋಡು, ಬಾಗಿಲ ಹಾಗೆ ಒಂದು ಕಡೆ ಸಿಕ್ಕಿಕೊಂಡಿದೆ. ತೆಗೆದ್ರೂ ಹಾರಲ್ಲ. ಇದರ ಮಾದರಿ ತಂದು ನಮಗೆ ತೋರಿಸಿದ್ರು, ಬರೋ ವರ್ಷದಿಂದ ಇದೇ ಹಾಕೋದು, ನಿಮ್ಮ ಕಷ್ಟ ತಪ್ತು ಅಂದ್ರು. ಕೈಯಲ್ಲಿ ಹಿಡಿದು ನೋಡಿದ್ದೆ. ಇದು ಬರೋ ಹೊತ್ತಿಗೆ ನಾನು ಇಲ್ಲಿದ್ದೆ."

ನಾನು ಸೋಲಲು ತಯಾರಿರಲಿಲ್ಲ. ಮಾದರಿ ಎಂದು ತಂದದ್ದನ್ನು ಕೆಲವು ವಾಚುಗಳಿಗೆ ಮೊದಲೇ ಹಾಕಿರಬಹುದು, ಇಷ್ಟು ವರ್ಷದ ಮೇಲೆ ನಿನಗೆ ನೆನಪು ತಪ್ಪಿರಬಹುದು, ಫೋಟೊದಲ್ಲಿ ಹಾಗೆ ಕಾಣುತ್ತಿರಬಹುದು ಎಂದೆಲ್ಲ ಹೇಳಿದೆ. ಅವಳು ನನ್ನ ಕೈ ಮೇಲೆ ಕೈಯಿಟ್ಟು, "ಸುಮ್ನಿರು," ಎಂದಳು. ನನ್ನ ಬಳಿ ಸುಳ್ಳು ಮಾಪಕ ತಂದವರಿಗೆ ನಾನು ಹೇಳುವುದೂ ಅದೇ ದನಿಯಲ್ಲಿ.

ವಾಚು ಮೇಜಿನ ಮೇಲಿತ್ತು. ಅಮ್ಮ ಅದನ್ನು ಎತ್ತಿ ಕಿವಿಗೆ ಹಿಡಿದಳು. ಅಪ್ಪನ ವಾಚನ್ನು ಅವಳು ಹಾಗೆ ಹಿಡಿದದ್ದನ್ನು ನಾನು ಕಂಡಿರಲಿಲ್ಲ.

"ನನ್ನ ಜಾಗಕ್ಕೆ ಬಂದವಳು ಕೂರಿಸಿರೋದು," ಎಂದಳು. "ಚೆನ್ನಾಗಿ ಕೂರಿಸಿದ್ದಾಳೆ. ನಾನಿದ್ದಿದ್ರೆ ನಾನು ಕೂರಿಸ್ತಿದ್ದೆ." ಅಪ್ಪನ ಮುಂದೆ ಅದನ್ನಿಟ್ಟಳು. ಅವಳಿಗೆ ಅಳು ಬಂದಿರಲಿಲ್ಲ, ನನಗೆ ಬಂದಿತ್ತು.

ಅಪ್ಪ ವಾಚನ್ನು ಮುಟ್ಟಲಿಲ್ಲ. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಮಾಡುತ್ತ ನಿಂತಿತ್ತು, ಅದು ಹೋಗುವವರೆಗೆ ಕಾದರು. ಆಮೇಲೆ ನನ್ನನ್ನಲ್ಲ, ಅಮ್ಮನನ್ನು ನೋಡಿ ಹೇಳಿದರು.

"ಇನ್ನೊಂದು ವರ್ಷ ಇದ್ದು ಬಾ ಅನ್ನಬಹುದಿತ್ತು ನಾನು."

"ಇನ್ನೊಂದು ವರ್ಷ ಇದ್ದು ಬರ್ತೀನಿ ಅಂತ ನಿಮ್ಮನ್ನ ಕೇಳಿದ್ದೆ," ಎಂದಳು ಅಮ್ಮ.

"ಗೊತ್ತು," ಎಂದರು ಅಪ್ಪ.